ಗುಲಾಬಿ ಗೊರವಂಕಗಳ ತವರಿನಲ್ಲಿ

ಹೋಗಿ ಬಂದು ತಿಂಗಳುಗಳೇ ಆದವು. ಈಗಲೂ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ಗಾಡಿಗೆ ಕಾಯುವಾಗ ಯಾರಾದರೂ ಪರಿಚಯದವರು ಸಿಕ್ಕಿ, "ಏನ್ ಕೃಷ್ಣಪ್ಪ, ಫಾರಿನ್ ಎಂಗಿತ್ತು?" ಎಂದರೆ ಕುದುರೆ ಹಾಲಿನ ಕತೆ ಹೇಳಿ ತಪ್ಪಿಸಿಕೊಳ್ಳುತ್ತೇನೆ. ಕುದುರೆ ಹಾಲು ಹುಳಿ ಮಜ್ಜಿಗೆಯ ಹಾಗಿರುತ್ತದೆ, ಸ್ವಲ್ಪ ತಲೆಗೂ ಏರುತ್ತದೆ ಎಂದರೆ ಸಾಕು, ಕೇಳಿದವರು ನಗುತ್ತಾ ಮಿಕ್ಕಿದ್ದನ್ನು ಕೇಳುವುದೇ ಇಲ್ಲ. ಮಿಕ್ಕಿದ್ದೇ ನನಗೆ ಮುಖ್ಯ. ಅಲ್ಲಿ ನನಗೆ ಅವಮಾನವಾಯಿತು ಅನ್ನಲಾರೆ, ಏಕೆಂದರೆ ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ನಾನೇ ನಾಚಿಕೆಯಿಂದ ಕುಗ್ಗಿಹೋದೆ. ಅದನ್ನು ಬರೆದರಾದರೂ ಎದೆ ಹಗುರಾದೀತು ಎಂದು ಕೂತಿದ್ದೇನೆ.

ನಾನು ದ್ರಾಕ್ಷಿ ಬೆಳೆಯುವವನು. ಬಂಗಾರಪೇಟೆಯಿಂದ ಕೆಜಿಎಫ್ ಕಡೆ ಹೋಗುವಾಗ ರೈಲಿನ ಎಡಗಡೆ ಕಿಟಕಿಯಲ್ಲಿ ಕೂತರೆ ನಮ್ಮ ತೋಟ ಕಾಣುತ್ತದೆ. ನಮ್ಮ ಮಗಳು ಕಾವ್ಯ ಕಜಕಿಸ್ತಾನದಲ್ಲಿ ಡಾಕ್ಟರ್ ಓದು ಮುಗಿಸಿದಳು. ಇಲ್ಲಿ ಸೀಟು ಸಿಗದ ಮಕ್ಕಳು ಆ ಕಡೆ ಹೋಗುವುದು ನಮ್ಮ ತಾಲ್ಲೂಕಿಗೆ ಹೊಸದೇನಲ್ಲ. ಪದವಿ ಕೊಡುವ ದಿನ ಅಪ್ಪ ಅಮ್ಮ ಇಬ್ಬರೂ ಬರಲೇಬೇಕು ಎಂದು ಹಟ ಹಿಡಿದಳು. "ನೀವೇ ಓಗ್ಬನ್ನಿ. ನಾನೂ ಬಂದ್ರೆ ಅಸು ಕರೆಯೋರ್ಯಾರು?" ಎಂದಳು ನನ್ನ ಹೆಂಡತಿ ಮಂಜುಳ. ಹೀಗೆ ತಲೆ ನರೆತ ಮೇಲೆ ನಾನು ಮೊದಲ ಸಲ ವಿಮಾನ ಹತ್ತಿದೆ.

ಆಲ್ಮಾಟಿ

ಕಾವ್ಯ ಓದುತ್ತಿದ್ದ ಆಲ್ಮಾಟಿಯ ವಿಮಾನ ನಿಲ್ದಾಣದಲ್ಲೇ ನನ್ನ ಮಾನ ಅರ್ಧ ಹೋಯಿತು. ಮಂಜುಳ ಮಗಳಿಗೆಂದು ರಾಗಿಹಿಟ್ಟು ಕಟ್ಟಿಕೊಟ್ಟಿದ್ದಳು. ಪೆಟ್ಟಿಗೆ ತೆರೆಸಿದ ಅಧಿಕಾರಿ ಆ ಕಂದು ಪುಡಿಯನ್ನು ಬೆರಳಲ್ಲಿ ಉಜ್ಜಿದ, ಮೂಸಿದ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅವನ ಭಾಷೆ ನನಗೆ ಬಾರದು. ನಾನು ಮುದ್ದೆ ತೊಳಸುವಂತೆ ಎರಡೂ ಕೈ ತಿರುಗಿಸಿ, ಉಂಡೆ ಕಟ್ಟಿ, ಸಾರಿನಲ್ಲಿ ಅದ್ದಿ, ಗುಳುಂ ಎಂದು ನುಂಗಿ ತೋರಿಸಿದೆ. ಅವನು ಇನ್ನಿಬ್ಬರನ್ನು ಕರೆದ. ಅವರೆದುರಿಗೂ ಮೊದಲಿಂದ ನುಂಗಿದೆ. ಕೊನೆಗೆ ಮೂವರೂ ನಕ್ಕು ಬಿಟ್ಟರು. ರಾಗಿ ಉಳಿಯಿತು, ಜೊತೆಗಿದ್ದ ಮಾವಿನಹಣ್ಣನ್ನು ಮಾತ್ರ ಅವರೇ ಇಟ್ಟುಕೊಂಡರು.

ಆ ಊರಲ್ಲಿ ರಸ್ತೆಯ ಎರಡೂ ಬದಿ ಕಾಲುವೆ. ಮೊದಲು ಚರಂಡಿ ಎಂದುಕೊಂಡು ಮೂಗಿಗೆ ಕರ್ಚೀಫು ಹಿಡಿದೆ. ಅದು ಹಿಮದ ಬೆಟ್ಟದಿಂದ ಇಳಿದು ಬರುವ ತಿಳಿನೀರು, ಬೀದಿ ಮರಗಳಿಗೆ ಕುಡಿಯಲಂತೆ. ಕಾವ್ಯ ನನ್ನ ಕೈಯಿಂದ ಕರ್ಚೀಫು ಕಿತ್ತುಕೊಂಡು, "ಅಪ್ಪ, ಇದು ಬಂಗಾರಪೇಟೆ ಅಲ್ಲ," ಎಂದಳು.

ಪದವಿ ಸಮಾರಂಭ ಚೆನ್ನಾಗಿ ನಡೆಯಿತು. ಮಗಳು ಬಿಳಿ ಕೋಟು ಹಾಕಿಕೊಂಡು ಬಂದಾಗ ಕಣ್ಣು ತುಂಬಿತು, ಅಷ್ಟೇ ಹೇಳುತ್ತೇನೆ. ಮಾರನೇ ದಿನ ಅವಳ ಜೊತೆ ಓದಿದ ಐಗುಲ್ ಎಂಬ ಹುಡುಗಿ ನಮ್ಮನ್ನು ತನ್ನ ಹಳ್ಳಿಗೆ ಕರೆದಳು. ಅವಳ ಅಪ್ಪ ಎರ್ಲಾನ್ ನನ್ನನ್ನು ನೋಡಲೇಬೇಕು ಅಂದಿದ್ದನಂತೆ. ನನ್ನನ್ನು ಯಾಕೆ ಎಂದೆ.

"ಅವ್ರೂರಲ್ಲಿ ಬ್ಯಾಸಿಗೇಲಿ ಮರಿ ಮಾಡೋ ಗುಲಾಬಿ ಬಣ್ಣದ್ ಗೊರವಂಕ ಚಳಿಗಾಲಕ್ಕೆ ನಮ್ಮ್ ಕಡೆ ಬತ್ತವೆ ಅಂತ ನಾನು ಯಾವಾಗ್ಲೋ ಏಳಿದ್ದೆ," ಎಂದಳು ಕಾವ್ಯ. "ಅದನ್ನ ಇಡ್ಕೊಂಡವ್ರೆ. ಅವು ಬಂದು ಇರೋ ಊರಿನೋರನ್ನ ನೋಡ್ಬೇಕಂತೆ."

ಆ ಹಕ್ಕಿ ನಿಮಗೂ ಗೊತ್ತು. ತಲೆ ರೆಕ್ಕೆ ಬಾಲ ಕಪ್ಪು, ಬೆನ್ನು ಹೊಟ್ಟೆ ತೆಳು ಗುಲಾಬಿ. ಮಳೆಗಾಲ ಮುಗಿಯುವ ಹೊತ್ತಿಗೆ ಮೋಡದ ಹಾಗೆ ಬಂದು ಇಳಿಯುತ್ತವೆ. ಪುಸ್ತಕದವರು ಗುಲಾಬಿ ಕಬ್ಬಕ್ಕಿ ಎನ್ನುತ್ತಾರೆ. ನಾವು ದ್ರಾಕ್ಷಿಯವರು ಕಳ್ಳ ಗೊರವಂಕ ಅನ್ನುತ್ತೇವೆ.

ಎರ್ಲಾನ್‌ನ ಹಳ್ಳಿ

ಕಾರಿನಲ್ಲಿ ಅರ್ಧ ದಿನ ಹೋದರೂ ಹುಲ್ಲು ಮುಗಿಯಲಿಲ್ಲ. ಬೇಲಿಯಿಲ್ಲ, ಕಲ್ಲುಕಂಬವಿಲ್ಲ, 'ಸೈಟುಗಳು ಮಾರಾಟಕ್ಕಿವೆ' ಎಂಬ ಬೋರ್ಡಿಲ್ಲ. ನಮ್ಮ ಕಡೆ ಕಣ್ಣು ಹಾಯಿಸಿದರೆ ಯಾರದಾದರೂ ಗೋಡೆಗೆ ತಾಗುತ್ತದೆ. ಇಷ್ಟು ಜಾಗ ಸುಮ್ಮನೆ ಬಿಟ್ಟಿದ್ದಾರಲ್ಲ ಎಂದು ಹೊಟ್ಟೆ ಉರಿಯಿತು. ಮನಸ್ಸಿನಲ್ಲೇ ಅಡ್ಡ ಉದ್ದ ರಸ್ತೆ ಎಳೆದು, ಒಂದು ಮೂಲೆಯಲ್ಲಿ ನೀರಿನ ಟ್ಯಾಂಕು ಕೂರಿಸಿ, ಒಂದು ಬಡಾವಣೆಯನ್ನೇ ಮಾಡಿಬಿಟ್ಟೆ. ಆಮೇಲೆ ಕುದುರೆಗಳು ಕಂಡವು, ಬಡಾವಣೆ ಮರೆತುಹೋಯಿತು.

ಎರ್ಲಾನ್ ನನ್ನ ವಯಸ್ಸಿನವನೇ. ಬಿಸಿಲಿಗೆ ಸುಟ್ಟ ಅಗಲ ಮುಖ, ನನ್ನ ಎರಡರಷ್ಟು ಅಂಗೈ. ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಬಿಡಲೇ ಇಲ್ಲ. ಅವನು ತನ್ನ ಭಾಷೆಯಲ್ಲಿ ಆಡಿದ್ದೆಲ್ಲ ಕಾವ್ಯಳ ಬಾಯಲ್ಲಿ ನಮ್ಮೂರ ಕನ್ನಡವಾಗಿ ಬರುತ್ತಿತ್ತು, ಹಾಗಾಗಿ ಅವನು ನನಗೆ ಪಕ್ಕದ ಹಳ್ಳಿಯವನಂತೆಯೇ ಅನಿಸಿದ.

ಅವನ ಹೆಂಡತಿ ಚಹಾ ಕೊಟ್ಟಳು. ಅಷ್ಟಗಲದ ಬಟ್ಟಲು, ಒಳಗೆ ನೋಡಿದರೆ ಅರ್ಧಕ್ಕೂ ಇಲ್ಲ. ಇಷ್ಟು ದೂರದಿಂದ ಬಂದವನಿಗೆ ಹೀಗಾ ಎಂದು ಮುಖ ಸಪ್ಪೆಯಾಯಿತು. ನಮ್ಮಲ್ಲಿ ಲೋಟದಿಂದ ಚೆಲ್ಲದಿದ್ದರೆ ಉಪಚಾರವೇ ಅಲ್ಲ. ಕಾವ್ಯ ಮೊಣಕೈಯಲ್ಲಿ ತಿವಿದಳು. "ಅಪ್ಪ, ಮೂತಿ ಸರಿ ಮಾಡ್ಕೊ. ಇಲ್ಲಿ ಅರ್ಧ ಕೊಟ್ರೆ ಕೂತ್ಕೊಳಿ, ಇನ್ನೂ ಆಕ್ತೀವಿ ಅಂತ. ತುಂಬ್ಸಿ ಕೊಟ್ರೆ ಕುಡಿದು ಎದ್ದೋಗಿ ಅಂತ." ನಾನು ಏಳೆಂಟು ಅರ್ಧ ಬಟ್ಟಲು ಕುಡಿದೆ.

ಚಹಾ ನಡುವೆ ಎರ್ಲಾನ್ ತನ್ನ ಕಷ್ಟ ಹೇಳಿಕೊಂಡ. ಅವನ ಬದುಕೆಲ್ಲ ಹುಲ್ಲು. ಬೇಸಿಗೆಯಲ್ಲಿ ಕೊಯ್ದು ಒಟ್ಟಿದರೆ ಹಿಮ ಬಿದ್ದ ತಿಂಗಳುಗಳಲ್ಲಿ ಕುದುರೆಗಳು ಬದುಕುತ್ತವೆ. ಆ ಹುಲ್ಲಿಗೆ ಮಿಡತೆ ಬೀಳುತ್ತದೆ. ರೆಕ್ಕೆ ಬಾರದ ಮಿಡತೆ ಮರಿಗಳು ನೆಲದ ಮೇಲೆ ಚಾಪೆ ಹಾಸಿದಂತೆ ಹರಿದು ಬರುತ್ತವೆ. ಅವನ್ನು ತಿಂದು ಮುಗಿಸುವುದು ಈ ಗೊರವಂಕಗಳು. ಹಕ್ಕಿ ಸಾಕಷ್ಟು ಬಾರದ ವರ್ಷ ವಿಮಾನದಲ್ಲಿ ವಿಷ ಹೊಡೆಯುತ್ತಾರೆ, ಆ ಹುಲ್ಲನ್ನು ಕುದುರೆಗೆ ಹಾಕುವ ಹಾಗಿಲ್ಲ.

"ಈ ಸಲ ಪಕ್ಷಿ ಕಮ್ಮಿ ಬಂದವಂತೆ," ಎಂದಳು ಕಾವ್ಯ. "ಚಳಿಗಾಲ್ದಾಗೆ ನಿಮ್ಮಲ್ಲಿ ಅವಕ್ಕೆ ಏನಾಯ್ತದೆ ಅಂತ ಕೇಳ್ತಾವ್ರೆ."

ನಾನು ಗಂಟಲು ಸರಿಮಾಡಿಕೊಂಡು ಭಾಷಣವನ್ನೇ ಬಿಗಿದೆ. ಜನ ಜಾಸ್ತಿಯಾದರು ಎಂದೆ. ಅವು ಕೂರುತ್ತಿದ್ದ ಕೆರೆಯಂಗಳದ ಜಾಲಿ ಕಡಿದರು, ರಾಗಿ ಹೊಲ ಸೈಟಾಯಿತು, ಹುಲ್ಲುಬಯಲಿಗೆ ನೀಲಗಿರಿ ನೆಟ್ಟರು, ಟೊಮೇಟೊಗೆ ದಿನ ಬಿಟ್ಟು ದಿನ ಔಷಧಿ ಹೊಡೆದು ಹುಳುವೇ ಇಲ್ಲದಂತೆ ಮಾಡಿದರು ಎಂದೆ. ಒಂದೂ ಸುಳ್ಳಲ್ಲ. ಆದರೆ ಜನ, ಜನ ಎನ್ನುವಾಗ ಆ ಜನದಲ್ಲಿ ನನ್ನನ್ನು ನಾನು ಸೇರಿಸಿಕೊಂಡಿರಲಿಲ್ಲ. ಎರ್ಲಾನ್ ತಲೆಯಾಡಿಸುತ್ತಾ ಕೇಳಿದ. ನನಗೆ ಒಳಗೊಳಗೇ ಹೆಮ್ಮೆ.

ಕಲ್ಲುರಾಶಿ

ಬೆಳಿಗ್ಗೆ ಹಕ್ಕಿ ನೋಡಲು ಹೊರಟೆವು. ಕಾಣುವ ಮೊದಲೇ ಸದ್ದು ಕೇಳಿತು, ಬಂಗಾರಪೇಟೆ ಮಾರ್ಕೆಟ್ಟಿನಲ್ಲಿ ಹರಾಜು ಕೂಗುವ ಹೊತ್ತಿನ ಗದ್ದಲದಂತೆ. ಬಯಲಿನ ನಡುವೆ ಆಳೆತ್ತರದ ಕಲ್ಲಿನ ರಾಶಿ. ಪ್ರತಿ ಸಂದಿಯಲ್ಲೂ ಬಾಯಿ ತೆರೆದ ಮರಿಗಳು. ದೊಡ್ಡವು ಹುಲ್ಲಿಗೆ ಹಾರುತ್ತವೆ, ಕೊಕ್ಕಿನ ತುಂಬ ಮಿಡತೆ ತುಂಬಿಕೊಂಡು ಬರುತ್ತವೆ, ತುರುಕುತ್ತವೆ, ಮತ್ತೆ ಹಾರುತ್ತವೆ. ನಮ್ಮಲ್ಲಿ ಅವನ್ನು ಇಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ನೋಡಿದ್ದರೂ ಎಸೆಯಲು ಕಲ್ಲು ಹುಡುಕುತ್ತಾ ನೋಡಿರುತ್ತೇನೆ.

ರಾಶಿಯ ಒಂದು ಮಗ್ಗುಲು ಖಾಲಿ ಇತ್ತು. ಎರ್ಲಾನ್ ಅಲ್ಲಿ ಕೂತು ಕಲ್ಲು ತಟ್ಟಿ ಏನೋ ಹೇಳಿದ.

"ಮೊದ್ಲು ಆ ಗುಡ್ಡದ್ ಬುಡದಾಗೆ ತಾನೇ ಬಿದ್ದಿರೋ ಕಲ್ಗಳಿದ್ವಂತೆ, ಗೂಡೆಲ್ಲ ಅಲ್ಲೇ," ಎಂದಳು ಕಾವ್ಯ. "ಊರು ಬೆಳೀತು, ಮನೆಗೊಳ್ ಬೇಕಾಯ್ತು, ಆ ಕಲ್ಲೆಲ್ಲ ನಾನೇ ತೆಗ್ದು ಪಾಯಕ್ ತಂದೆ ಅಂತಾವ್ರೆ. ಅವ್ರ್ ಮನೆ ಪಾಯಾನೂ ಅದೇ ಕಲ್ಲಂತೆ. ಆಮೇಲ್ ಗೂಡಿಲ್ದೆ ಪಕ್ಷಿ ಬರ್ಲಿಲ್ಲ, ಮಿಡತೆ ಬಿತ್ತು. ಅದುಕ್ಕೆ ಕ್ವಾರಿಯಿಂದ ಟ್ರ್ಯಾಕ್ಟರ್ನಾಗೆ ಕಲ್ ತಂದು ಈ ಗುಡ್ಡೆ ಆಕವ್ರೆ."

ಅವನೂ ದೇವರಲ್ಲ ಎಂದು ನನಗೆ ಸಮಾಧಾನವಾಯಿತು. ಆದರೆ ಅವನು ನಾನು ತೆಗೆದೆ ಎಂದಿದ್ದ. ಜನ ತೆಗೆದರು ಎಂದಿರಲಿಲ್ಲ. ಆ ವ್ಯತ್ಯಾಸ ನನಗೆ ಆಗ ಹೊಳೆಯಲಿಲ್ಲ.

ದಾರಿಯಲ್ಲಿ ಅವನ ಚೆರ್ರಿ ಮರದಲ್ಲೂ ಅದೇ ಹಕ್ಕಿಗಳು ಹಣ್ಣು ಕುಕ್ಕುತ್ತಿದ್ದವು. ಎರ್ಲಾನ್ ಡಬ್ಬ ಬಡಿದು ಬೈದ. ಬೈಗುಳವನ್ನು ಕಾವ್ಯ ಅನುವಾದ ಮಾಡಲಿಲ್ಲ, ಅರ್ಥವಾಯಿತು.

ಕುರಿತಲೆ

ಮಧ್ಯಾಹ್ನ ಊಟಕ್ಕೆ ಕುರಿ ಕಡಿದಿದ್ದರು. ಬೇಯಿಸಿದ ಇಡೀ ತಲೆಯನ್ನು ತಟ್ಟೆಯಲ್ಲಿಟ್ಟು ನನ್ನ ಮುಂದೆ ತಂದರು. ನಾನು ಗಾಬರಿಯಾಗುತ್ತೇನೆ ಎಂದು ಐಗುಲ್ ಕಾದಿದ್ದಳು. ತಲೆಮಾಂಸದ ಸಾರಿಲ್ಲದೆ ನಮ್ಮಲ್ಲಿ ಯಾವ ಹಬ್ಬದ ಮಾರನೇ ದಿನ ಕಳೆದಿದೆ? ಚಾಕು ಇಸಿದುಕೊಂಡು ಕೆನ್ನೆಯ ಮಾಂಸ ಬಿಡಿಸಿದೆ, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಎರ್ಲಾನ್ ಎದ್ದು ನಿಂತು ಎದೆಯ ಮೇಲೆ ಕೈ ಇಟ್ಟುಕೊಂಡು ಮಾತಾಡಿದ. ಕಾವ್ಯಳ ದನಿ ಸಣ್ಣಗಾಯಿತು.

"ತಲೆ ಮನೆಗ್ ಬಂದೋರ್ನಾಗೆ ದೊಡ್ಡೋರಿಗೆ ಕೊಡೋದಂತೆ. ನಾವು ಈ ಪಕ್ಷೀನ ಬ್ಯಾಸಿಗೇಲಿ ನೋಡ್ಕೋತೀವಿ, ಮಿಕ್ಕಿದ್ ವರ್ಷವೆಲ್ಲ ನೀವು ಸಾಕ್ತೀರ, ಅದುಕ್ಕೆ ನೀವು ನಮ್ಗೆ ನೆಂಟ್ರಿದ್ದಂಗೆ ಅಂತಾವ್ರೆ ಅಪ್ಪ."

ಇಲ್ಲಿ ಸುಮ್ಮನೆ ಕೈಮುಗಿದು ಕೂತಿದ್ದರೆ ಆಗುತ್ತಿತ್ತು. ಆದರೆ ಹೊಗಳಿಕೆ ತಲೆಗೇರಿತ್ತು, ಜೊತೆಗೆ ಕುದುರೆ ಹಾಲು. ಅವು ಚಳಿಗಾಲ ಕಳೆಯುವ ತೋಟವನ್ನೇ ತೋರಿಸುತ್ತೇನೆ ಎಂದು ಮಂಜುಳಗೆ ವಿಡಿಯೋ ಕಾಲ್ ಮಾಡಿಸಿದೆ. ಅವಳು ಸೆರಗು ಸರಿಮಾಡಿಕೊಂಡು, ಎಲ್ಲರಿಗೂ ನಮಸ್ಕಾರ ಮಾಡಿ, ಫೋನು ಹಿಡಿದು ತೋಟಕ್ಕೆ ನಡೆದಳು. ಚಪ್ಪರದ ತುಂಬ ಗೊಂಚಲು. ಕೂತವರೆಲ್ಲ ಫೋನಿನ ಮೇಲೆ ಬಗ್ಗಿದರು, ಹೋ ಎಂದರು. ನಾನು ಹಿಗ್ಗಿದೆ.

ಮಂಜುಳಳ ಫೋನು, ಹಕ್ಕಿ ಬಾರದಂತೆ ಚಪ್ಪರದ ಸುತ್ತ ಕಟ್ಟಿದ ಬಲೆಯ ಅಂಚಿಗೆ ಬಂತು. ಎರ್ಲಾನ್ ನನ್ನ ಕೈಯ ಫೋನನ್ನು ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದ.

"ಅದೇನು ನೇತಾಡ್ತಿರೋದು ಅಂತ ಕೇಳ್ತಾವ್ರೆ," ಎಂದಳು ಕಾವ್ಯ.

ಆ ಕಡೆಯಿಂದ ಮಂಜುಳ ಗಟ್ಟಿಯಾಗಿ ಹೇಳಿದಳು: "ಅದಾ? ಸತ್ತಿರೋ ಗೊರವಂಕ ಕಣಮ್ಮ. ಬಲೇಗ್ ಸಿಕ್ಕೊಂಡಿದ್ವಲ್ಲ, ಮಿಕ್ಕಿದ್ ಬರ್ದಂಗಿರ್ಲಿ ಅಂತ ನಿಮ್ಮಪ್ಪ ಕಟ್ಟವ್ರೆ. ತಾಳು, ಅತ್ರದಿಂದ ತೋರಿಸ್ತೀನಿ."

ತೋರಿಸಿದಳು. ಒಣಗಿ ಸೊರಗಿದ ಹಕ್ಕಿಗಳು ಕಾಲಿಗೆ ದಾರ ಕಟ್ಟಿ ತಲೆಕೆಳಗಾಗಿ ಸಾಲಾಗಿ ತೂಗುತ್ತಿದ್ದವು. ಬಣ್ಣ ಮಾಸಿದ್ದರೂ ಕಪ್ಪು ಎಲ್ಲಿ, ಗುಲಾಬಿ ಎಲ್ಲಿ ಎಂದು ತಿಳಿಯುತ್ತಿತ್ತು. ಒಂದು ತೂಗಿದರೆ ಮಿಕ್ಕವು ಹೆದರುತ್ತವೆ ಎಂಬುದು ನಮ್ಮ ಕಡೆಯ ನಂಬಿಕೆ. ನಮ್ಮಪ್ಪ ರಾಗಿ ಹೊಲದಲ್ಲಿ ಕಾಗೆ ಕಟ್ಟುತ್ತಿದ್ದ, ನಾನು ತೋಟದಲ್ಲಿ ಗೊರವಂಕ ಕಟ್ಟುತ್ತೇನೆ, ಆಚೆ ಈಚೆ ತೋಟದವರೂ ಕಟ್ಟುತ್ತಾರೆ. ದಿನಾ ಅವುಗಳ ಕೆಳಗೇ ಬಗ್ಗಿ ಓಡಾಡುವ ನನಗೆ ಅವು ಅಲ್ಲಿವೆ ಎಂಬ ನೆನಪೇ ಇರಲಿಲ್ಲ. ಬಲೆಯೂ ಅಷ್ಟೆ. ಗಟ್ಟಿ ಬಲೆ ಬಿಗಿಯಾಗಿ ಎಳೆದು ಕಟ್ಟಿದರೆ ಹಕ್ಕಿ ತಾಗಿ ವಾಪಸು ಹೋಗುತ್ತದೆ. ನನ್ನದು ಕೂದಲಿನಂಥ ಸಣ್ಣ ಎಳೆಯ ಮೀನಿನ ಬಲೆ, ಸಡಿಲ ಬಿಟ್ಟರೆ ಸುತ್ತಿಕೊಳ್ಳುತ್ತದೆ.

ಕಾವ್ಯ ಅನುವಾದ ಮಾಡಲಿಲ್ಲ. ಮಾಡುವ ಅಗತ್ಯವೂ ಇರಲಿಲ್ಲ. ಐಗುಲ್ ಎದ್ದು ಒಳಗೆ ಹೋದಳು. ಸೊಸೆಗೆ ಬರೆ ಹಾಕಿದ ಮಾವ ಅವಳ ತವರಿಗೆ ಬಂದು ಎಲೆ ತುಂಬ ಉಂಡು ಕೂತಂತೆ ಕೂತಿದ್ದೆ ನಾನು. ಕುರಿತಲೆ ನನ್ನ ಮುಂದೆಯೇ ಇತ್ತು. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಹಾಗೆ ಅನಿಸಿತು.

ಎರ್ಲಾನ್ ಫೋನನ್ನು ಮೆಲ್ಲಗೆ ಕೆಳಗಿಟ್ಟ. ಆಮೇಲೆ ಒಂದೇ ಮಾತು ಕೇಳಿದ.

"ಬೇರೆ ದಾರಿ ಇರ್ಲಿಲ್ವಾ ಅಂತ ಕೇಳ್ತಾವ್ರೆ."

"ಇವಳನ್ನ ಓದಿಸಬೇಕಿತ್ತು ಅಂತ ಹೇಳು," ಎಂದೆ. ಕಾವ್ಯ ನನ್ನನ್ನು ನೋಡಿದಳು. ಅವಳ ಬಿಳಿ ಕೋಟು ಬಂದದ್ದು ಆ ದ್ರಾಕ್ಷಿಯಿಂದಲೇ, ಅದೂ ಸುಳ್ಳಲ್ಲ. ಆದರೆ ನಾಚಿಕೆ ಮುಚ್ಚಿಕೊಳ್ಳಲು ಮಗಳನ್ನು ಎಳೆದು ತಂದೆನಲ್ಲ ಎಂದು ಇನ್ನೂ ನಾಚಿಕೆಯಾಯಿತು. ಅವಳು ತಲೆ ಬಗ್ಗಿಸಿಕೊಂಡು ಹೇಳಿದಳು. ಎರ್ಲಾನ್ ಇನ್ನೊಂದು ತುಂಡು ಮಾಂಸವನ್ನು ನನ್ನ ತಟ್ಟೆಗೆ ಹಾಕಿದ. "ತಿನ್ನಿ ಅಂತಾವ್ರೆ," ಎಂದಳು.

ಮಾರನೇ ಬೆಳಿಗ್ಗೆ ಹೊರಡುವಾಗ ಅವನ ಹೆಂಡತಿ ಚಹಾ ಬಗ್ಗಿಸಿದಳು. ನನ್ನ ಕಣ್ಣೆಲ್ಲ ಬಟ್ಟಲಿನ ಮೇಲೆ. ತುಂಬಿಸಿ ಕೊಟ್ಟು ಎದ್ದು ಹೋಗು ಎಂದಿದ್ದರೆ ಎದ್ದು ಹೋಗಿ ಹಗುರಾಗುತ್ತಿದ್ದೆ. ಅರ್ಧವೇ ಬಂತು. ಆ ಅರ್ಧವನ್ನೂ ಪೂರ್ತಿ ಕುಡಿಯದೆ ಎದ್ದೆ. ಕಾರಿನ ಬಾಗಿಲ ಹತ್ತಿರ ಎರ್ಲಾನ್ ಮತ್ತೆ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದ. ಅವು ನಿಮ್ಮ ಊರು ತಲುಪಿದಾಗ ಒಂದು ಸಲ ತೋರಿಸು, ಅಷ್ಟು ಸಾಕು ಎಂದ. ತೋರಿಸುತ್ತೇನೆ ಎಂದು ಮಾತು ಕೊಟ್ಟೆ.

ಮತ್ತೆ ಬಂಗಾರಪೇಟೆ

ಬಂದವನೇ ಮೊದಲು ಆ ಹಕ್ಕಿಗಳ ದಾರ ಬಿಚ್ಚಿ ಹೂತೆ. ಆಮೇಲೆ ಬಲೆ ಇಳಿಸಿದೆ. ಮಂಜುಳ ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತಳು. "ಅಲ್ಲೋಗಿ ಬುದ್ಧಿ ಬದ್ಲಾಯ್ಸ್ಕೊಂಡ್ ಬಂದ್ರಾ? ತಿಂದೋದ್ರೆ ಏನ್ರೀ ಮಾಡೋದು?" ಗೊಂಚಲಿಗೊಂದರಂತೆ ಹಳೇ ಪೇಪರು ಸುತ್ತೋಣ ಎಂದೆ. ಬೆನ್ನು ಬಿದ್ದುಹೋಗುವ ಕೆಲಸ. ಗೊಣಗುತ್ತಲೇ ಅವಳೂ ಸುತ್ತಿದಳು, ಕೋರ್ಸು ಮುಗಿಸಿ ಬಂದು ಇಲ್ಲಿನ ಡಾಕ್ಟರ್ ಪರೀಕ್ಷೆಗೆ ಓದುತ್ತಿದ್ದ ಕಾವ್ಯಳೂ ಸುತ್ತಿದಳು.

ಇಳಿಸಿದ ಬಲೆ ಪಂಪ್‌ಹೌಸಿನಲ್ಲಿ ರಾಶಿ ಬಿದ್ದಿತ್ತು. ಬದುವಿನಾಚೆ ತೋಟ ನನ್ನ ತಮ್ಮ ನಾಗರಾಜನದು. ಒಂದು ದಿನ ಬಂದು, "ಅಣ್ಣ, ಸುಮ್ನೆ ಇಲಿ ಕಡಿತಾವೆ, ನನಗಾನಾ ಕೊಡು," ಎಂದ. ಚೆನ್ನಾಗಿರುವ ವಸ್ತುವನ್ನು ಸುಡುವುದು ನಮ್ಮ ಮನೆತನದಲ್ಲೇ ಇಲ್ಲ. "ತಗೊಂಡೋಗು," ಎಂದೆ. ಹರಿದ ಕಡೆಯೆಲ್ಲ ನೀಲಿ ದಾರದಲ್ಲಿ ನಾನೇ ಹೊಲಿದಿದ್ದ ಬಲೆ. ಅವನ ಗಾಡಿಗೆ ಹೇರಲು ಕೈ ಕೊಟ್ಟವನೂ ನಾನೇ. ಕೊಟ್ಟಾಗ ಏನೂ ಅನಿಸಲಿಲ್ಲ, ಇದನ್ನು ನಿಮಗೆ ಹೇಳಲೇಬೇಕು.

ನಡುವೆ ಐಗುಲ್‌ಳಿಂದ ಸುದ್ದಿ ಬಂತು. ಹಕ್ಕಿ ಸಾಲಲಿಲ್ಲವಂತೆ. ವಿಮಾನ ಬಂದು ವಿಷ ಹೊಡೆದು ಹೋಯಿತಂತೆ. ಎರ್ಲಾನ್ ಕುದುರೆಗಳನ್ನೆಲ್ಲ ದೂರದ ನೆಂಟರ ಊರಿಗೆ ಅಟ್ಟಿಕೊಂಡು ಹೋದನಂತೆ.

ಹೋದ ವಾರ ಅವು ಬಂದವು. ಬೆಳಿಗ್ಗೆ ತೋಟದ ಮೇಲಿನ ಕರೆಂಟು ತಂತಿ ಕಪ್ಪಾಗಿತ್ತು. ಕಾವ್ಯಳನ್ನು ಕೂಗಿ ಕಾಲ್ ಮಾಡಿಸಿದೆ. ಫೋನಿನಲ್ಲಿ ಎರ್ಲಾನ್ ಉಣ್ಣೆ ಟೋಪಿ ಹಾಕಿಕೊಂಡಿದ್ದ. ಮೊದಲು ಪೇಪರು ಸುತ್ತಿದ ಗೊಂಚಲು ತೋರಿಸಿದೆ, ಆಮೇಲೆ ತಂತಿ. ಅವನ ಮುಖವೆಲ್ಲ ಅರಳಿತು. ಅಷ್ಟರಲ್ಲಿ ಹಿಂಡು ಒಟ್ಟಿಗೆ ಎದ್ದು ಒಂದು ಸುತ್ತು ತಿರುಗಿ ಬದುವಿನಾಚೆ ಇಳಿಯಿತು.

"ಎಲ್ಲೋದ್ವು, ಆ ಕಡೆ ತಿರುಗಿಸಿ ಅಂತಾವ್ರೆ," ಎಂದಳು ಕಾವ್ಯ.

ನಾನು ಫೋನನ್ನು ರೈಲ್ವೆ ಹಳಿಯ ಕಡೆ ತಿರುಗಿಸಿದೆ. ನೆಟ್‌ವರ್ಕ್ ಹೋಯಿತು ಎಂದು ಆಮೇಲೆ ಹೇಳಿದರಾಯಿತು ಎಂದು ಕಾಲ್ ಕಟ್ ಮಾಡಿದೆ. ಕಾವ್ಯ ನನ್ನನ್ನು ನೋಡುತ್ತಾ ನಿಂತಳು. ಬದುವಿನಾಚೆಯಿಂದ ರೆಕ್ಕೆ ಬಡಿಯುವ ಸದ್ದು ಕೇಳುತ್ತಿತ್ತು. ಒಂದೇ ಜಾಗದಿಂದ ಕೇಳುತ್ತಿತ್ತು, ಹಾರಿ ಹೋಗುವ ಸದ್ದಲ್ಲ ಅದು.

ಕಾವ್ಯಳ ಜೊತೆ ಹೋಗಿ ನೋಡಿದೆ. ಬಲೆಯಲ್ಲಿ ಮೂರ್ನಾಲ್ಕು ಸಿಕ್ಕಿಕೊಂಡಿದ್ದವು. ಒಂದು ನೀಲಿ ದಾರದ ಹೊಲಿಗೆಯ ಹತ್ತಿರವೇ, ಕೊಕ್ಕು ತೆರೆದುಕೊಂಡು ನನ್ನನ್ನೇ ನೋಡುತ್ತಿತ್ತು. ನಾಗರಾಜ ಆಗಲೇ ಎರಡನ್ನು ಕಾಲು ಕಟ್ಟಿ ತೂಗುಬಿಟ್ಟಿದ್ದ.

"ಮತ್ತೆ ಕಾಲ್ ಮಾಡು," ಎಂದೆ.

ಎರ್ಲಾನ್ ಫೋನಿನಲ್ಲಿ ಬಂದ. ಈ ಸಲ ಫೋನನ್ನು ಬಲೆಯ ಕಡೆ ಹಿಡಿದೆ. ಅವನು ಬಗ್ಗಿ ನೋಡಿ ಏನೋ ಕೇಳಿದ.

"ಅದು ಯಾರ್ ಬಲೆ ಅಂತ ಕೇಳ್ತಾವ್ರೆ," ಎಂದಳು ಕಾವ್ಯ. ಆಮೇಲೆ ದನಿ ತಗ್ಗಿಸಿ, "ಪಕ್ಕದ್ ತೋಟದೋರ್ದು ಅಂತ ಏಳ್ಲಾ ಅಪ್ಪ?"

"ಬೇಡಮ್ಮ," ಎಂದೆ. "ನಮ್ದೇ ಅಂತ ಹೇಳು."

ಅವಳು ಹೇಳಿದಳು.